ನಮ್ಮೂರ ಮೆಟಲ್ ತಂಡಗಳ ಲಯಕ್ಕೂ ಕಿವಿಗೊಡಿ

ಮಾನ್ಯ ಸಂಪಾದಕರೇ,

ಮೆಟಲ್, ಅಂದರೆ ರಾಕ್ ಸಂಗೀತದ ಬಿರುಸಾದ ಬಗೆಯನ್ನು ನುಡಿಸುವ ಬೆಂಗಳೂರಿನ ತಂಡಗಳ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರಹ ಬರುವುದೇ ಅಪರೂಪ. ಬಂದಾಗಲೂ ಉದ್ದ ಕೂದಲು, ಕಪ್ಪು ಅಂಗಿ, ಕಿವಿಗಡಚಿಕ್ಕುವ ಸದ್ದು, ಇಷ್ಟಕ್ಕೇ ಮುಗಿದುಹೋಗುತ್ತದೆ. ಆ ಸದ್ದಿನ ಒಳಗೆ ನಡೆಯುವ ಲಯದ ಕೆಲಸದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕಛೇರಿಯ ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮೃದಂಗದವರು ಎಲ್ಲಿ ಎತ್ತಿಕೊಂಡರು, ಯಾವ ನಡೆಗೆ ಹೊರಳಿದರು, ಮುಕ್ತಾಯ ಹೇಗೆ ಕಟ್ಟಿದರು ಎಂದು ಬರೆಯಬಲ್ಲ ವಿಮರ್ಶಕರು ನಮ್ಮಲ್ಲಿದ್ದಾರೆ. ಅವರ ಕಿವಿ ಈ ತಂಡಗಳ ಕಡೆಗೂ ತಿರುಗಬೇಕು ಎಂಬುದು ನಮ್ಮ ಕೋರಿಕೆ. ತಾಳವಾದ್ಯ ಮತ್ತು ಗಿಟಾರ್ ನುಡಿಸುವವರು, ವೇದಿಕೆಯ ಧ್ವನಿ ನೋಡಿಕೊಳ್ಳುವವರು ಸೇರಿ ಇದನ್ನು ಬರೆಯುತ್ತಿದ್ದೇವೆ.

2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ನುಡಿಸಿದ್ದು ಇವತ್ತಿಗೂ ಬಹಳ ಜನರ ನೆನಪಿನಲ್ಲಿದೆ. ಅದೇ ವರ್ಷ ಬೆಂಗಳೂರಿನದೇ ಆದ ಎಕ್ಸೆಂಟ್ರಿಕ್ ಪೆಂಡ್ಯುಲಮ್ ತಂಡ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿ ಬಂತು, ‘ವೈಂಡಿಂಗ್ ದಿ ಆಪ್ಟಿಕ್ಸ್’ ಎಂಬ ಆಲ್ಬಮ್ಮನ್ನೂ ಹೊರತಂದಿತು. ಇದು ಎಷ್ಟು ಮಂದಿ ಓದುಗರಿಗೆ ಗೊತ್ತು? 1998ರಿಂದ ನುಡಿಸುತ್ತಿರುವ ಕ್ರಿಪ್ಟೋಸ್ 2013ರಲ್ಲಿ ಅದೇ ವಾಕನ್‌ಗೆ ಹೋಯಿತು. ಕ್ರಿಪ್ಟೋಸ್‌ನದು ನೇರ ನಡೆಯ, ಹಳೆಯ ಜಾಯಮಾನದ ಹೆವಿ ಮೆಟಲ್. ಅದರ ಸೊಗಸೇ ಬೇರೆ. ಈ ಪತ್ರದಲ್ಲಿ ನಾವು ಹೇಳಹೊರಟಿರುವುದು ಎಕ್ಸೆಂಟ್ರಿಕ್ ಪೆಂಡ್ಯುಲಮ್‌ನಂಥ ತಂಡಗಳು ಹಿಡಿದಿರುವ ದಾರಿಯನ್ನು, ಅಂದರೆ ಬೆಸ ಲೆಕ್ಕಗಳ ಮೇಲೆ ಕಟ್ಟಿದ ಪ್ರೊಗ್ರೆಸಿವ್ ಮೆಟಲ್ ಅನ್ನು.

ಈ ಸಂಗೀತವನ್ನು ಕೇಳಲು ಮೊದಲು ಡ್ರಮ್ಸ್ ನುಡಿಸುವವರ ಕೈಕಾಲು ನೋಡಬೇಕು. ಬಲಗೈ ದೊಡ್ಡ ಸಿಂಬಲ್ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಸಮನಾಗಿ ಬಡಿಯುತ್ತಿರುತ್ತದೆ. ಎಡಗೈ ಮೂರನೆಯ ಪೆಟ್ಟಿಗೆ ಸ್ನೇರ್ ಡ್ರಮ್ ಮೇಲೆ ಬೀಳುತ್ತದೆ. ಇವೆರಡೂ ತಾಳ ಹಾಕುವ ಕೈ ಇದ್ದ ಹಾಗೆ, ಕದಲುವುದಿಲ್ಲ. ಕೆಳಗೆ ಎರಡೂ ಪಾದಗಳು ಬಾಸ್ ಡ್ರಮ್ಮನ್ನು ಬಡಿಯುವ ಡಬಲ್ ಪೆಡಲ್ ಮೇಲೆ ಬೇರೆಯದೇ ಲೆಕ್ಕ ನಡೆಸುತ್ತಿರುತ್ತವೆ. ಗಿಟಾರು, ಬಾಸ್ ಗಿಟಾರು ಆ ಪಾದಗಳ ಒಂದೊಂದು ಪೆಟ್ಟಿಗೂ ಅಂಟಿಕೊಂಡೇ ಹೋಗುತ್ತವೆ. ಅಂದರೆ ಒಬ್ಬರೇ ತಾಳವನ್ನೂ ಹಾಕುತ್ತಾರೆ, ಮೃದಂಗವನ್ನೂ ನುಡಿಸುತ್ತಾರೆ. 1987ರಲ್ಲಿ ಶುರುವಾದ ಸ್ವೀಡನ್‌ನ ಮೆಷುಗ್ಗಾ ತಂಡ ಈ ಬಗೆಯನ್ನು ಹದಕ್ಕೆ ತಂದಿತು, ಲೋಕದ ತುಂಬ ಅದರ ಹಿಂದೆ ಹೋದವರಿದ್ದಾರೆ. ಆದರೆ ಇದರ ಲೆಕ್ಕ ನಮ್ಮ ನೆಲದವರಿಗೆ ಹೊಸತಲ್ಲ.

ಒಂದು ಸರಳ ಉದಾಹರಣೆ ತೆಗೆದುಕೊಳ್ಳಿ. ಒಂದು ಪೆಟ್ಟಿಗೆ 4 ಮಾತ್ರೆ (ಎಣಿಕೆಯ ಅತಿ ಸಣ್ಣ ಅಳತೆ), ನಾಲ್ಕು ಪೆಟ್ಟಿನ ಒಂದು ಬಾರ್‌ಗೆ 16 ಮಾತ್ರೆ. ಎರಡು ಬಾರ್ ಸೇರಿದರೆ 32, ಅದು ಆದಿತಾಳದ ಒಂದು ಆವರ್ತ, ಅಂದರೆ ಒಂದು ಪೂರ್ತಿ ಸುತ್ತು. ನಾಲ್ಕು ಬಾರ್ ಅಂದರೆ 64. ಈಗ ಪಾದ ಮತ್ತು ಗಿಟಾರು ‘ತಕಿಟ ತಕಧಿಮಿ’ ಎಂಬ 7 ಮಾತ್ರೆಯ ತುಂಡೊಂದನ್ನು ಹಿಡಿದು ತಿರುಗಿಸುತ್ತವೆ ಅನ್ನಿ. 64ರಲ್ಲಿ ಅದು 9 ಸಲ ಕೂಡುತ್ತದೆ, ಒಟ್ಟು 63. ಒಂದು ಮಾತ್ರೆ ಉಳಿಯುತ್ತದೆ. ಸ್ನೇರ್ ಮಾತ್ರ ಪ್ರತಿ ಬಾರ್‌ನ 9ನೆಯ ಮಾತ್ರೆಗೆ ಬೀಳುತ್ತಲೇ ಇರುತ್ತದೆ. ಮೊದಲ ಬಾರ್‌ನಲ್ಲಿ ಆ ಪೆಟ್ಟು ಏಳರ ತುಂಡಿನ ಎರಡನೆಯ ಮಾತ್ರೆಯ ಮೇಲೆ ಕೂರುತ್ತದೆ. ಎರಡನೆಯ ಬಾರ್‌ನಲ್ಲಿ ನಾಲ್ಕನೆಯದರ ಮೇಲೆ. ಮೂರನೆಯ ಬಾರ್‌ನಲ್ಲಿ ಆರನೆಯದರ ಮೇಲೆ. ನಾಲ್ಕನೆಯ ಬಾರ್‌ನಲ್ಲಿ ಸರಿಯಾಗಿ ತುಂಡಿನ ತಲೆಯ ಮೇಲೇ ಬಂದು ಬೀಳುತ್ತದೆ. ಅಲ್ಲಿಯವರೆಗೆ ಎಲ್ಲೆಲ್ಲೋ ಜಾರುತ್ತಿದ್ದ ಎರಡು ಲೆಕ್ಕಗಳು ಆ ಒಂದು ಪೆಟ್ಟಿನಲ್ಲಿ ಕೈಹಿಡಿಯುತ್ತವೆ. ಅಲ್ಲಿಂದ ಒಂಬತ್ತನೆಯ ಸಲ ಏಳನ್ನು ನುಡಿಸಿ, ಉಳಿದ ಒಂದು ಮಾತ್ರೆಯನ್ನು ಮೌನವಾಗಿ ಬಿಟ್ಟು, ಇಡೀ ತಂಡ ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಬಂದಿಳಿಯುತ್ತದೆ. ಸಭಿಕರು ಒಟ್ಟಿಗೆ ತಲೆದೂಗುವುದು ಇಲ್ಲೇ. ಲೆಕ್ಕ ಗೊತ್ತಿಲ್ಲದಿದ್ದರೂ ಮೈಗೆ ಗೊತ್ತಾಗುತ್ತದೆ.

ಆ ಉಳಿದ ಒಂದು ಮಾತ್ರೆಯನ್ನು ಎಲ್ಲಿಡುತ್ತಾರೆ ಎಂಬುದರಲ್ಲಿ ತಂಡದ ರುಚಿ ತಿಳಿಯುತ್ತದೆ. ಕೊನೆಯ ತುಂಡಿಗೆ ಸೇರಿಸಿ ಏಳನ್ನು ಎಂಟು ಮಾಡಬಹುದು. ಮೊದಲಿಗೇ ಮೌನವಾಗಿಟ್ಟು ಸಮ ದಾಟಿ ಎತ್ತಿಕೊಂಡರೆ ಇಡೀ ನಾಲ್ಕು ಬಾರ್ ಬೇರೆಯದೇ ಹಾಡಿನಂತೆ ಕೇಳುತ್ತದೆ. ಕತ್ತರಿಸಲೇ ಇಷ್ಟವಿಲ್ಲದಿದ್ದರೆ 112 ಮಾತ್ರೆ, ಅಂದರೆ 7 ಬಾರ್ ತನಕ ಓಡಲು ಬಿಟ್ಟು ತಾನಾಗಿ ಕೂಡುವುದನ್ನು ಕಾಯಬಹುದು. 5ರ ತುಂಡಾದರೆ 12 ಸಲ ಬಂದು 4 ಉಳಿಯುತ್ತದೆ. 11ರ ತುಂಡಾದರೆ 5 ಸಲ ಬಂದು 9 ಉಳಿಯುತ್ತದೆ. ತನಿಯ ಕೊನೆಗೆ ಕೋರ್ವೆ ಎಂಬ ಮುಕ್ತಾಯ ಕಟ್ಟುವವರು ಕೂತು ಮಾಡುವ ಕೂಡಿಸು-ಕಳೆಯುವಿಕೆಯೇ ಇದು.

ಬೆಸ ಲೆಕ್ಕ ಅಂದರೆ ಕೃತಕ, ವಿದೇಶಿ ಎಂದು ಮೂಗು ಮುರಿಯುವವರಿಗೆ ಭಾಮಿನಿ ಷಟ್ಪದಿಯನ್ನು ನೆನಪಿಸಬೇಕು. ಗದುಗಿನ ಭಾರತ ಪೂರ್ತಿ ನಡೆದಿರುವುದು 3 ಮತ್ತು 4ರ ಗಣಗಳ ಮೇಲೆ, ಅಂದರೆ ಇದೇ ‘ತಕಿಟ ತಕಧಿಮಿ’ಯ ಮೇಲೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿಗೆ 21 ಮಾತ್ರೆ, ಮೇಲೊಂದು ಗುರು, ಒಟ್ಟು 23. ಆ ಗುರುವಿನ 2 ಮಾತ್ರೆ ಏಳರ ಲೆಕ್ಕಕ್ಕೆ ಸಾಲದು. ಗಮಕಿಗಳು ಅದನ್ನು ಎಳೆದು, ನಿಲ್ಲಿಸಿ, ಜಾಗ ತುಂಬುತ್ತಾರೆ. ಮೆಟಲ್ ತಂಡ ಉಳಿಕೆ ಮಾತ್ರೆಯ ಜೊತೆ ಮಾಡುವುದೂ ಇಂಥದೇ ಕೆಲಸ. ವಾರ್ಧಕ ಷಟ್ಪದಿಯ ಐದರ ಓಟವಾಗಲಿ, ಯಕ್ಷಗಾನದ ಝಂಪೆ ತಾಳವಾಗಲಿ ಕಿವಿಯಲ್ಲಿ ಇರುವವರಿಗೆ ಈ ತಂಡಗಳ ಐದು, ಏಳು ಯಾವ ಲೆಕ್ಕಕ್ಕೂ ಪರಕೀಯವಲ್ಲ.

ಇನ್ನೊಂದು ಬಗೆ ಇಳಿಕೆಯ ಕಟ್ಟು, ಮೃದಂಗದವರು ಗೋಪುಚ್ಛ ಯತಿ ಅನ್ನುವುದು. ಗಿಟಾರು 10 ಮಾತ್ರೆಯ ಒಂದು ವಾಕ್ಯ ನುಡಿಸುತ್ತದೆ. ಮುಂದಿನ ಸಲ ಕೊನೆಯ ಮಾತ್ರೆ ಬಿಟ್ಟು 9, ಆಮೇಲೆ 8, ಹೀಗೆ 1ರ ತನಕ. ಎಲ್ಲ ಸೇರಿದರೆ 55. ನಾಲ್ಕು ಬಾರ್‌ನ 64 ತುಂಬಲು ಇನ್ನೂ 9 ಬೇಕು. ಅದನ್ನು 3-3-3 ಎಂದು ಮೂರು ಪೆಟ್ಟಿನ ಮುಕ್ತಾಯ ಮಾಡಿದರೆ ಸಮಕ್ಕೆ ಬಂತು. ಕಾಗದದ ಮೇಲೆ ಇದು ಮಕ್ಕಳ ಲೆಕ್ಕ. ವೇದಿಕೆಯಲ್ಲಿ ಕೇಳಿದಾಗ ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗಾಗಿ ಮೈ ಬಿಗಿಯುತ್ತದೆ.

ನಡೆಭೇದವೂ ಇದೆ, ಅಂದರೆ ಒಂದು ಪೆಟ್ಟಿನೊಳಗಿನ ಮಾತ್ರೆಗಳ ಎಣಿಕೆ ಬದಲಿಸುವುದು. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡು, ಪೆಟ್ಟಿಗೆ ನಾಲ್ಕು ಮಾತ್ರೆಯ ಚತುರಶ್ರದಲ್ಲಿ ಒಂದು ಮಾತ್ರೆಗೆ 125 ಮಿಲಿಸೆಕೆಂಡು. ಗಿಟಾರು ಪೆಟ್ಟಿಗೆ ಐದರ ಖಂಡ ನಡೆಗೆ ಹೋದರೆ ಮಾತ್ರೆ 100 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆ ಹೊಸ ಮಾತ್ರೆಗಳನ್ನೇ ನಾಲ್ಕು ನಾಲ್ಕಾಗಿ ಕಟ್ಟಿ ಸಿಂಬಲ್ಲಿಗೂ ದಾಟಿಸಿಬಿಟ್ಟರೆ ಹಾಡು 150ರ ವೇಗಕ್ಕೆ ಹಾರಿರುತ್ತದೆ, ಎಲ್ಲೂ ಜೋಡಣೆಯ ಗುರುತು ಕಾಣದು. ಇದನ್ನು ಸರಿಯಾಗಿ ಮಾಡಿದ ತಂಡವನ್ನು ಕೇಳಿದಾಗ ಆಗುವ ಸಂತೋಷ ದೊಡ್ಡದು.

ಇಷ್ಟೆಲ್ಲ ಕೈಗೂಡುವುದು ಹೇಗೆ ಎಂಬುದನ್ನೂ ಬರೆಯಬೇಕು, ಯಾಕೆಂದರೆ ಓದುಗರಿಗೆ ಇದರ ಹಿಂದಿನ ಶ್ರಮ ಕಾಣುವುದೇ ಇಲ್ಲ. ಮೊದಲು ವಾದ್ಯ ಮುಟ್ಟುವುದಿಲ್ಲ. ಸಮನಾಗಿ ಪೆಟ್ಟು ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಕೈಯಲ್ಲಿ ತಾಳ, ಬಾಯಲ್ಲಿ ‘ತಕಿಟ’ದಂಥ ಸೊಲ್ಲು. ಅದು ಕೂತ ಮೇಲೆ ಬಾಯಿಯ ಲೆಕ್ಕ ಪಾದಕ್ಕೆ ಇಳಿಯುತ್ತದೆ, ಬಾಯಿ ಈಗ ಒಂದು-ಎರಡು-ಮೂರು-ನಾಲ್ಕು ಎಣಿಸಬೇಕು. ಗಿಟಾರು ಸೇರುವುದು ಆಮೇಲೆ. ವೇಗವನ್ನು ನಾಲ್ಕು ನಾಲ್ಕಾಗಿ ಏರಿಸುತ್ತ ಹೋಗಿ, ಮುರಿದ ಕಡೆ ಎಂಟು ಇಳಿಸಿ ಮತ್ತೆ ಹತ್ತಬೇಕು. ಕೊನೆಗೆ ಮೆಟ್ರೊನೋಮ್ ಪ್ರತಿ ಬಾರ್‌ನ ಮೊದಲ ಪೆಟ್ಟಿಗೆ ಮಾತ್ರ, ಅನಂತರ ನಾಲ್ಕು ಬಾರ್‌ಗೆ ಒಂದೇ ಸಲ ಕೇಳುವಂತೆ ಮಾಡಿಕೊಳ್ಳುತ್ತಾರೆ. ಆಗ ಬಣ್ಣ ಬಯಲಾಗುತ್ತದೆ.

ತಪ್ಪುವುದು ಬಹುಮಟ್ಟಿಗೆ ಎರಡು ಕಡೆ. ಒಂದು, ಬಲಗೈ ತಾಳ ಬಿಟ್ಟು ಪಾದದ ಹಿಂದೆ ಓಡಿಹೋಗುತ್ತದೆ. ಆ ಕ್ಷಣ ಎರಡು ಲೆಕ್ಕ ಹೋಗಿ ಒಂದೇ ಆಗುತ್ತದೆ, ಹಾಡು ಬರಿಯ ಕುಂಟು ನಡೆಯಾಗಿ ಕೇಳುತ್ತದೆ. ಎರಡು, ಮೌನವನ್ನು ಕದಿಯುವುದು. ನುಡಿಸುವ ಮಾತ್ರೆಗಳನ್ನು ಯಾರೂ ಅಷ್ಟಾಗಿ ತಪ್ಪುವುದಿಲ್ಲ, ನುಡಿಸದೆ ಬಿಡುವ ಮಾತ್ರೆ ಮೊಟಕಾಗುತ್ತದೆ. ಪ್ರತಿ ತುಂಡಿನ ಮೌನದಲ್ಲಿ 10 ಮಿಲಿಸೆಕೆಂಡು ಕಳೆದುಕೊಂಡರೂ 9 ತುಂಡು ಮುಗಿಯುವಷ್ಟರಲ್ಲಿ 90 ಮಿಲಿಸೆಕೆಂಡು ಹೋಯಿತು, 120ರ ವೇಗದಲ್ಲಿ ಅದು ಮುಕ್ಕಾಲು ಮಾತ್ರೆಯ ಹತ್ತಿರ ಹತ್ತಿರ. ಸಮಕ್ಕೆ ಕೈ ಇಡುವಾಗ ಎಡವುವುದು ಇದರಿಂದಲೇ. ಗಿಟಾರಿನವರು ಬಲ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ನುಡಿಸುವುದೂ ಮೌನಕ್ಕಾಗಿಯೇ. ಎಂಟು ತಂತಿಯ ಗಿಟಾರಿನ ದಪ್ಪ ತಂತಿ ಸಾಮಾನ್ಯ ಶ್ರುತಿಯಲ್ಲಿ ಸುಮಾರು 46 ಹರ್ಟ್ಸ್‌ಗೆ ಕಂಪಿಸುತ್ತದೆ, ಬಿಟ್ಟರೆ ಮೊಳಗುತ್ತಲೇ ಇರುತ್ತದೆ. ಅಂಗೈ ಒತ್ತಿದರೆ ಅದು ಒಂದು ಚರ್ಮವಾದ್ಯವಾಗುತ್ತದೆ.

ಇನ್ನು ಸಭಾಂಗಣದ ಮಾತು. ಈ ಸಂಗೀತವನ್ನು ‘ಬರೀ ಗದ್ದಲ’ ಎಂದು ಎದ್ದು ಹೋದವರಲ್ಲಿ ಅನೇಕರು ಕೇಳಿದ್ದು ತಂಡವನ್ನಲ್ಲ, ಹಿಂಬದಿಯ ಗೋಡೆಯನ್ನು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯ ಎದುರು 20 ಮೀಟರ್ ದೂರದಲ್ಲಿ ಬರಿಯ ಸಿಮೆಂಟಿನ ಗೋಡೆಯಿದ್ದರೆ ಸದ್ದು ಹೋಗಿ ತಿರುಗಿ ಬರಲು 117 ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 128 ಪೆಟ್ಟಿನ ಹಾಡಿನಲ್ಲಿ ಒಂದು ಮಾತ್ರೆಯ ಅಳತೆಯೂ ಸರಿಯಾಗಿ 117 ಮಿಲಿಸೆಕೆಂಡು. ಆಗ ಮುಂದೆ ನಿಂತವರಿಗೆ ಪ್ರತಿ ಪೆಟ್ಟಿನ ಪ್ರತಿಧ್ವನಿ ಮುಂದಿನ ಮಾತ್ರೆಯ ಮೇಲೆಯೇ ಬಂದು ಕೂರುತ್ತದೆ. ತಂಡ ಜತನದಿಂದ ಖಾಲಿ ಬಿಟ್ಟ ಜಾಗವನ್ನೆಲ್ಲ ಗೋಡೆ ತುಂಬುತ್ತದೆ, ಏಳು ಎಂಟಾಗಿ ಕೇಳುತ್ತದೆ, ಲೆಕ್ಕದ ಗುರುತೇ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಹಿಂಬದಿ ಗೋಡೆಗೆ ದಪ್ಪನೆಯ ಪರದೆಯನ್ನು ನೆರಿಗೆ ನೆರಿಗೆಯಾಗಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಳಿಬಿಡಬೇಕು. ಪರದೆ ತಗ್ಗಿನ ಗುಡುಗನ್ನು ಹೀರುವುದಿಲ್ಲ ನಿಜ, ಆದರೆ ಕಿವಿ ಮಾತ್ರೆಯನ್ನು ಗುರುತಿಸುವುದು ಪೆಡಲಿನ ‘ಟಕ್’ ಎಂಬ ಮೇಲಿನ ಸದ್ದಿನಿಂದ, ಅದನ್ನು ಹೀರಿದರೆ ಅರ್ಧ ಕೆಲಸ ಆಯಿತು. ಸ್ಪೀಕರುಗಳ ಮುಖ ಜನರ ಕಡೆ ಬಾಗಿರಲಿ, ಗೋಡೆಯ ಕಡೆ ಅಲ್ಲ. ಮಿಕ್ಸರಿನಲ್ಲಿ ಬಾಸ್ ಡ್ರಮ್ಮಿಗೆ 3ರಿಂದ 5 ಕಿಲೋಹರ್ಟ್ಸ್ ಸುತ್ತ ಸ್ವಲ್ಪ ಏರಿಸಿ, 250ರಿಂದ 400 ಹರ್ಟ್ಸ್ ನಡುವೆ ಇಳಿಸಿದರೆ ಪೆಟ್ಟು ಬಿಡಿಬಿಡಿಯಾಗುತ್ತದೆ. ಗಿಟಾರನ್ನು 80-100 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸಿ ಆ ಜಾಗವನ್ನು ಬಾಸ್ ಗಿಟಾರಿಗೂ ಬಾಸ್ ಡ್ರಮ್ಮಿಗೂ ಬಿಟ್ಟುಕೊಡಬೇಕು. ರಿವರ್ಬ್ (ಕೃತಕವಾಗಿ ಸೇರಿಸುವ ಅನುರಣನ) ಬೇಡವೇ ಬೇಡ, ಕೋಣೆಯಲ್ಲಿ ಇರುವುದೇ ಸಾಕು. ನುಡಿಸದಾಗ ಸದ್ದನ್ನು ತಡೆಯುವ ಗಿಟಾರಿನ ನಾಯ್ಸ್ ಗೇಟ್ ಮುಚ್ಚುವ ಹೊತ್ತು ತೀರ ಉದ್ದವಾದರೆ ಮೌನದಲ್ಲಿ ಗುಂಯ್‌ಗುಡುವಿಕೆ ಉಳಿಯುತ್ತದೆ, ತೀರ ಗಿಡ್ಡವಾದರೆ ಸ್ವರದ ಬಾಲ ಕತ್ತರಿಸಿ ಹೋಗುತ್ತದೆ. ಹಾಡಿನ ಒಂದು ಮಾತ್ರೆಯ ಅರ್ಧಕ್ಕಿಂತ ಒಳಗಿಟ್ಟು ಕಿವಿಯಿಂದ ಹೊಂದಿಸಿಕೊಳ್ಳಬೇಕು. ಸೌಂಡ್ ಚೆಕ್ಕಿಗೆ ಹತ್ತು ನಿಮಿಷವೂ ಕೊಡದೆ ಸ್ಥಳೀಯ ತಂಡವನ್ನು ಮೊದಲಿಗೆ ಹತ್ತಿಸಿ ಇಳಿಸುವ ಸಂಘಟಕರು ಇದನ್ನು ದಯವಿಟ್ಟು ಗಮನಿಸಲಿ.

ತಂಡಗಳ ತಪ್ಪೇ ಇಲ್ಲವೆಂದು ನಾವು ಹೇಳುವುದಿಲ್ಲ. ಲೆಕ್ಕ ಗೊತ್ತಾದ ಹುಮ್ಮಸ್ಸಿನಲ್ಲಿ ಒಂದೇ ಹಾಡಿಗೆ ಐದಾರು ತಾಳ ತುರುಕುವವರಿದ್ದಾರೆ. ಒಂದು ಲೆಕ್ಕ ಕಿವಿಯಲ್ಲಿ ಕೂರುವ ಮೊದಲೇ ಇನ್ನೊಂದು ಬಂದರೆ ಜಾರುವ ಸುಖವೂ ಇಲ್ಲ, ಕೂಡುವ ಸುಖವೂ ಇಲ್ಲ. ಕೆಲವರು ಹಾಡಿನ ನಡುವೆ ನಾಲ್ಕು ಸಾಲು ಕೊನ್ನಕೋಲ್ (ಬಾಯಲ್ಲಿ ಹೇಳುವ ಲಯದ ಸೊಲ್ಲು) ಅಂಟಿಸಿ ಬಿಡುತ್ತಾರೆ. ಸೊಲ್ಲು ಬಾಯಲ್ಲಿ ಏಳು ಹೇಳುತ್ತಿರುವಾಗ ಪಾದ ನಾಲ್ಕನ್ನೇ ತುಳಿಯುತ್ತಿದ್ದರೆ ಅದು ಬರಿಯ ಅಲಂಕಾರ. ಗಾಯಕರ ಕಡೆಯೂ ಗಮನ ಬೇಕು. ಗಂಟಲೊಳಗಿನ ಗರ್ಜನೆಗೆ ಸ್ವರವಿಲ್ಲದಿದ್ದರೂ ಅಕ್ಷರಗಳ ಪೆಟ್ಟು ಇದೆ, ಅದು ಸಿಂಬಲ್ ಜೊತೆ ಹೋಗುತ್ತದೋ ಪಾದದ ಜೊತೆ ಹೋಗುತ್ತದೋ ಎಂದು ಮೊದಲೇ ನಿರ್ಧರಿಸಿದ ತಂಡದ ಹಾಡು ಎದ್ದು ನಿಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ ಒಂದೇ ನಾಲ್ಕನ್ನು ಕೊನೆತನಕ ಕದಲದೆ ಹಿಡಿದು, ಅದರ ಕೆಳಗೆ ಒಂದೋ ಎರಡೋ ಬೆಸ ಲೆಕ್ಕವನ್ನು ಬೆಳೆಸುವ ಹಾಡುಗಳೇ ಹೆಚ್ಚು ಕಾಲ ಉಳಿಯುತ್ತವೆ.

ಎರಡು ಪರಂಪರೆ ಹೀಗೆ ಎದುರುಬದುರಾಗುವುದು ಈ ಊರಿಗೆ ಹೊಸತೂ ಅಲ್ಲ. 1964ರಲ್ಲಿ ಶುರುವಾದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಮುಂದಾಳತ್ವದಲ್ಲಿ, 1983ರಲ್ಲೇ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿತ್ತು. ಇವತ್ತು ಪ್ರಾಜೆಕ್ಟ್ ಮಿಶ್ರಂ ಎಂಬ ಬೆಂಗಳೂರಿನ ತಂಡ ಕರ್ನಾಟಕ ಸಂಗೀತದ ಗಾಯನ, ಪಿಟೀಲು, ಕೊಳಲನ್ನು ಮೆಟಲ್ ಗಿಟಾರಿನ ಪಕ್ಕದಲ್ಲೇ ಇಟ್ಟುಕೊಂಡು ನುಡಿಸುತ್ತಿದೆ. ಮಿಶ್ರ ಎಂದು ಹೆಸರಿನಲ್ಲೇ ಏಳರ ಜಾತಿಯನ್ನು ಹೊತ್ತ ತಂಡಕ್ಕೆ ಕನ್ನಡದ ಲಯ ಬಲ್ಲವರಿಂದ ಒಂದು ವಿವರವಾದ ವಿಮರ್ಶೆ ಸಿಗಬೇಕಾದ್ದು ನ್ಯಾಯ.

ಹಾಗಾಗಿ ಮುಂದಿನ ಸಲ ನಗರದಲ್ಲಿ ಇಂಥ ಕಾರ್ಯಕ್ರಮ ಆದಾಗ ಸಿನಿಮಾ-ಮನರಂಜನೆಯ ಪುಟದವರ ಜೊತೆಗೆ ಕಛೇರಿ ವಿಮರ್ಶೆ ಬರೆಯುವ ಒಬ್ಬರನ್ನೂ ಕಳುಹಿಸಿ. ಡ್ರಮ್ಸ್ ನುಡಿಸುವವರ ಹೆಸರು ವರದಿಯಲ್ಲಿ ಬರಲಿ. ಗಾಯಕರ ಹೆಸರು ಮಾತ್ರ ಹಾಕಿ ಉಳಿದವರನ್ನು ‘ಮತ್ತು ತಂಡ’ ಎಂದು ಬರೆದರೆ ಕೆಲಸ ಮಾಡಿದವರೇ ಮರೆಯಾಗುತ್ತಾರೆ. ಬರುವವರು ಕಿವಿಯ ರಕ್ಷಣೆಗೆ ಬಿರಟೆ ಹಾಕಿಕೊಳ್ಳಲಿ. ವೇದಿಕೆಯ ನೇರ ಎದುರು ನಿಂತರೆ ಬಾಸ್ ಡ್ರಮ್ಮು ಪಾದಗಳನ್ನು ಮರೆಮಾಡುತ್ತದೆ, ಆದ್ದರಿಂದ ಪಕ್ಕಕ್ಕೆ ಸರಿದು, ಗೋಡೆಗೂ ಸ್ಪೀಕರಿಗೂ ತೀರ ಹತ್ತಿರವಾಗದ ಹಾಗೆ ನಿಲ್ಲಲಿ. ಮೊದಲ ಹಾಡಿಗೆ ಗಿಟಾರಿನ ಕಡೆ ಗಮನ ಕೊಡದೆ ಬಲಗೈಯ ಸಿಂಬಲ್ ಜೊತೆ ತೊಡೆಯ ಮೇಲೆ ಆದಿತಾಳ ಹಾಕಲಿ. ಎರಡನೆಯ ಹಾಡಿಗೆ ಆ ತಾಳ ಬಿಡದೆ ಪಾದವನ್ನು ಎಣಿಸಲು ಶುರುಮಾಡಲಿ.

ಇತಿ,
ಲಯಾಸಕ್ತ ಓದುಗರು, ಬೆಂಗಳೂರು